ಮದುವೆ ನಿಲ್ಲಿಸಿದ ಮೇಲೆ: ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಮಕ್ಕಳ ರಕ್ಷಣೆಯ ಸಹಯೋಗದ ಪ್ರಶ್ನೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಒಂದು ಬಾಲ್ಯವಿವಾಹದ ಸುಳಿವು ಸಿಕ್ಕಿತೆಂದರೆ ಅದರ ಬೆನ್ನು ಹತ್ತಬೇಕಾದವರ ಪಟ್ಟಿ ಉದ್ದವಾಗಿದೆ. ಅಂಗನವಾಡಿ ಕಾರ್ಯಕರ್ತೆ, ಆಕೆಯ ಮೇಲ್ವಿಚಾರಕಿ, ಆಶಾ, ಶಾಲೆಯ ಮುಖ್ಯೋಪಾಧ್ಯಾಯರು, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಸಿಡಿಪಿಒ, ತಹಶೀಲ್ದಾರ್, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, 1098 ಸಹಾಯವಾಣಿಯವರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರು, ಮಕ್ಕಳ ಕಲ್ಯಾಣ ಸಮಿತಿ, ಇವರ ಜೊತೆಗೆ ಸ್ವಯಂಸೇವಾ ಸಂಸ್ಥೆಗಳವರು. ಇಷ್ಟು ಜನರಿದ್ದೂ ಪ್ರಕರಣಗಳು ಹಿಡಿಯುವ ಒಂದು ದಾರಿ ಈ ಭಾಗದವರಿಗೆಲ್ಲ ಗೊತ್ತಿದೆ. ಚಪ್ಪರದಡಿಯಲ್ಲಿ ಮದುವೆ ನಿಲ್ಲುತ್ತದೆ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗುತ್ತದೆ, ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿ ಬರುತ್ತದೆ. ಆಮೇಲೆ ಅದೇ ಹುಡುಗಿಯ ಮದುವೆ ಕುಷ್ಟಗಿ ಕಡೆಯ ಸೋದರಮಾವನ ಊರಿನಲ್ಲೋ, ಕೃಷ್ಣೆಯ ಆಚೆಗಿನ ಯಾವುದೋ ಗುಡಿಯಲ್ಲೋ ಸದ್ದಿಲ್ಲದೆ ಮುಗಿದುಹೋಗುವುದುಂಟು.

ಮಕ್ಕಳ ರಕ್ಷಣೆಯಲ್ಲಿ ತೊಡಗಿದವರು ಒಟ್ಟಾಗಿ ಕೆಲಸ ಮಾಡುವುದು ಎಂದರೇನು, ಅದು ಯಾವಾಗ ಮಗುವಿಗೆ ನೆರವಾಗುತ್ತದೆ, ಯಾವಾಗ ಬರೀ ಸಭೆಯ ನಡಾವಳಿಯಾಗಿ ಉಳಿಯುತ್ತದೆ ಎಂಬ ಪ್ರಶ್ನೆಗೆ ಜಗತ್ತಿನ ಬೇರೆಬೇರೆ ಕಡೆ ಬೇರೆಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳನ್ನು ಈ ಮೂರು ತಾಲ್ಲೂಕುಗಳ ಹೊಲ, ಶಾಲೆ, ಗುಳೆಯ ನಡುವೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಮಿತಿಗಳಿಗೆ ಬರವಿಲ್ಲ. ಬರವಿರುವುದು ಒಂದು ಮಗುವಿನ ಪ್ರಕರಣವನ್ನು ಮೊದಲ ದಿನದಿಂದ ಕೊನೆಯವರೆಗೆ ತನ್ನದೆಂದು ಹೊತ್ತು ನಡೆಯುವ, ಹೆಸರಿರುವ ಒಬ್ಬ ಕಾರ್ಯಕರ್ತರಿಗೆ. ಅಂಥವರಿಲ್ಲದ ಕಡೆ ಸಮನ್ವಯ ಹೆಚ್ಚಿದಷ್ಟೂ ಹೊಣೆ ತೆಳುವಾಗುತ್ತ ಹೋಗುತ್ತದೆ.

ಹಿನ್ನೆಲೆ

ದಿಕ್ಕಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಈ ನಾಡಿನಲ್ಲಿ ಬಹುಕಾಲ ಬಂಧುಬಳಗದ್ದು, ಮಠಗಳ ದಾಸೋಹ ಮತ್ತು ಪ್ರಸಾದನಿಲಯಗಳದ್ದು. ಕಾನೂನು ತಡವಾಗಿ ಬಂತು. ರಾಯಚೂರು 1956ರವರೆಗೆ ಹೈದರಾಬಾದ್ ಆಡಳಿತದಲ್ಲಿತ್ತು. ಏಕೀಕರಣದ ನಂತರ 1964ರ ಮೈಸೂರು ಮಕ್ಕಳ ಕಾಯ್ದೆ, ಆಮೇಲೆ ಕೇಂದ್ರದ 1986, 2000 ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ಬಂದವು. ಈ ನಡುವೆ 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ ಅಂಗನವಾಡಿಗಳು ಹಳ್ಳಿಗೆ ಬಂದವು, 2005ರ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿತು. ಮಕ್ಕಳ ರಕ್ಷಣೆಗೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ಕಲ್ಪಿಸಿದ್ದು ಮಾತ್ರ 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆ, ಈಗಿನ ಮಿಷನ್ ವಾತ್ಸಲ್ಯ. ಅದರ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಮಕ್ಕಳ ರಕ್ಷಣಾ ಘಟಕ. ಘಟಕದಲ್ಲಿ ಒಬ್ಬ ಜಿಲ್ಲಾ ಅಧಿಕಾರಿ, ಇಬ್ಬರು ರಕ್ಷಣಾಧಿಕಾರಿಗಳು, ಒಬ್ಬ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಆಪ್ತಸಮಾಲೋಚಕರು, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು.

ಇಡೀ ಜಿಲ್ಲೆಗೆ ಇಬ್ಬರು ಸಮಾಜ ಕಾರ್ಯಕರ್ತರು ಎಂಬ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಘಟಕವೂ ಮಕ್ಕಳ ಕಲ್ಯಾಣ ಸಮಿತಿಯೂ ಇರುವುದು ಜಿಲ್ಲಾ ಕೇಂದ್ರದಲ್ಲಿ. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಎರಡನ್ನೂ ಕಳೆದುಕೊಂಡಂತೆ. ಬಾಲನ್ಯಾಯ ಕಾಯ್ದೆ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕೆನ್ನುತ್ತದೆ, ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕೆನ್ನುತ್ತದೆ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಅವಧಿ ಕೊಡುತ್ತದೆ. ಈ ಗಡುವುಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಶಃ ಒಂದು ನಗರ. ಮೇಲಾಗಿ ಮಸ್ಕಿ ತಾಲ್ಲೂಕಾದದ್ದು ತೀರ ಈಚೆಗೆ, ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರರಿಂದಲೂ ಹಳ್ಳಿಗಳನ್ನು ಪಡೆದು. ಕಂದಾಯದ ಗಡಿ ಒಂದು ಆದೇಶದಲ್ಲಿ ಬದಲಾಗುತ್ತದೆ. ಯಾರಿಗೆ ಫೋನ್ ಮಾಡಬೇಕು, ಯಾರ ಮಾತಿಗೆ ಬೆಲೆ ಕೊಡಬೇಕು ಎಂಬ ಬಳಕೆ ಮಾತ್ರ ಆ ವೇಗದಲ್ಲಿ ಬದಲಾಗುವುದಿಲ್ಲ.

ಮಾಹಿತಿ ಹಂಚಿಕೆಯೇ ಮದ್ದು ಎನ್ನುವವರು

ಒಂದು ಕುಟುಂಬದ ಬಗ್ಗೆ ಹಲವರಿಗೆ ಗೊತ್ತಿರುವುದನ್ನು ಒಂದೆಡೆ ಸೇರಿಸಬೇಕು ಎಂಬ ವಿಚಾರ ವೃತ್ತಿಪರ ಸಮಾಜಕಾರ್ಯದಷ್ಟೇ ಹಳೆಯದು. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಷನ್ ಸೊಸೈಟಿ ದಾನಸಂಸ್ಥೆಗಳ ಕೆಲಸವನ್ನು ಒಂದು ಶಿಸ್ತಿಗೆ ತರಲು ಹೊರಟಿತ್ತು. 1917ರಲ್ಲಿ ಅಮೆರಿಕದ ಮೇರಿ ರಿಚ್ಮಂಡ್ ತಮ್ಮ ‘ಸೋಶಿಯಲ್ ಡಯಾಗ್ನೋಸಿಸ್’ ಕೃತಿಯಲ್ಲಿ ವೈದ್ಯರು, ಶಿಕ್ಷಕರು, ಬಂಧುಗಳು, ನೆರೆಯವರಿಂದ ಸಾಕ್ಷ್ಯ ಕಲೆಹಾಕುವ ಕ್ರಮವನ್ನು ವಿವರವಾಗಿ ಕಟ್ಟಿಕೊಟ್ಟರು. ಆದರೆ ಈ ಪಂಥಕ್ಕೆ ಬಲ ಬಂದದ್ದು ಮಕ್ಕಳ ಸಾವಿನಿಂದ. ಇಂಗ್ಲೆಂಡಿನಲ್ಲಿ 1973ರಲ್ಲಿ ಏಳು ವರ್ಷದ ಮರಿಯಾ ಕೋಲ್ವೆಲ್ ಮನೆಯಲ್ಲೇ ಹಿಂಸೆಗೆ ಬಲಿಯಾದಾಗ, ಶಾಲೆಗೂ ನೆರೆಯವರಿಗೂ ಅಧಿಕಾರಿಗಳಿಗೂ ತುಂಡುತುಂಡಾಗಿ ಗೊತ್ತಿದ್ದದ್ದು ಒಂದೆಡೆ ಸೇರಿರಲಿಲ್ಲ ಎಂದು ಮರುವರ್ಷದ ತನಿಖಾ ವರದಿ ಹೇಳಿತು. 2000ದಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ ಸತ್ತಾಗಲೂ ಸಮಾಜಸೇವಾ ಇಲಾಖೆಗಳು, ಪೊಲೀಸರು, ಎರಡು ಆಸ್ಪತ್ರೆಗಳು ಆ ಮಗುವನ್ನು ಕಂಡಿದ್ದವು. 2003ರ ಲಾರ್ಡ್ ಲೇಮಿಂಗ್ ವರದಿ, 2004ರ ಮಕ್ಕಳ ಕಾಯ್ದೆಗಳು ಇಲಾಖೆಗಳ ನಡುವಿನ ಸಹಕಾರವನ್ನು ಕಾನೂನಿನ ಕರ್ತವ್ಯವಾಗಿಸಿದವು.

ನಮ್ಮ ಸಮಿತಿಗಳ ಹಿಂದೆ ಇರುವುದೂ ಇದೇ ತರ್ಕ. ಗ್ರಾಮ ಪಂಚಾಯಿತಿಯ ಕಾವಲು ಸಮಿತಿ, ತಾಲ್ಲೂಕು ಸಮಿತಿ, ಜಿಲ್ಲಾ ಸಮಿತಿ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಮಾಹಿತಿ ಮೇಲೇರಬೇಕು. ಹೈಕೋರ್ಟ್ ನಿರ್ದೇಶನದಂತೆ ರಚನೆಯಾಗಿ 2011ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ನಂತರ ಕರ್ನಾಟಕದಲ್ಲಿ ಬಾಲ್ಯವಿವಾಹ ತಡೆ ಒಂದೇ ಇಲಾಖೆಯ ಕೆಲಸವಾಗಿ ಉಳಿಯಲಿಲ್ಲ, ಹಲವು ಇಲಾಖೆಗಳ ಅಧಿಕಾರಿಗಳು ಬಾಲ್ಯವಿವಾಹ ನಿಷೇಧಾಧಿಕಾರಿಗಳಾದರು. ಇದರಿಂದ ಲಾಭವಾಗಿದೆ, ಅದನ್ನು ಅಲ್ಲಗಳೆಯಲಾಗದು. ಬಸವ ಜಯಂತಿಯ ಸಾಮೂಹಿಕ ವಿವಾಹದ ಪಟ್ಟಿಯಲ್ಲಿರುವ ವಧುವಿನ ವಯಸ್ಸನ್ನು ಶಾಲಾ ದಾಖಲೆಯೊಂದಿಗೆ ತಾಳೆ ನೋಡುವುದು ಎರಡು ಇಲಾಖೆ ಮಾತಾಡಿಕೊಂಡರೆ ಮಾತ್ರ ಸಾಧ್ಯ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ರಾಜ್ಯದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನಾಲ್ಕನೇ ಸಮೀಕ್ಷೆಯಲ್ಲಿ ಶೇ 21.4, ಐದನೆಯದರಲ್ಲಿ ಶೇ 21.3. ನಿಷೇಧಾಧಿಕಾರಿಗಳ ಸಂಖ್ಯೆ ಬೆಳೆದ ಕಾಲದಲ್ಲೇ ಈ ಅಂಕಿ ಅಲುಗಾಡಲಿಲ್ಲ. ಮಾಹಿತಿ ಹಂಚಿಕೆಯ ಪಂಥ ಮದುವೆ ಹೇಗೆ ಪತ್ತೆಯಾಗುತ್ತದೆ ಎಂಬುದನ್ನು ವಿವರಿಸುತ್ತದೆ. ಪತ್ತೆಯಾದ ಮೇಲೆ ಕೈ ಯಾಕೆ ಜಾರುತ್ತದೆ ಎಂಬುದಕ್ಕೆ ಅದರ ಬಳಿ ಉತ್ತರ ಕಡಿಮೆ.

ಕಾರ್ಯಕರ್ತರತ್ತ ತಿರುಗಿದವರು

ಎರಡನೆಯ ಗುಂಪು ಕಡತದಿಂದ ಕಣ್ಣೆತ್ತಿ ಕಡತ ಹಿಡಿದವರನ್ನು ನೋಡಿತು. 1980ರಲ್ಲಿ ಅಮೆರಿಕದ ಮೈಕೆಲ್ ಲಿಪ್‌ಸ್ಕಿ, ಜನರೊಡನೆ ನೇರವಾಗಿ ವ್ಯವಹರಿಸುವ ಕೆಳಹಂತದ ಸರ್ಕಾರಿ ನೌಕರರ ಬಗ್ಗೆ ಒಂದು ಮಾತನ್ನು ಸ್ಥಾಪಿಸಿದರು. ಕೆಲಸ ಮಿತಿಮೀರಿದಾಗ ಅವರು ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು ಎಂದು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ, ಜನರ ಪಾಲಿಗೆ ಆ ಲೆಕ್ಕವೇ ಸರ್ಕಾರದ ನೀತಿಯಾಗುತ್ತದೆ. ಮಾತೃವಂದನಾ ಅರ್ಜಿ, ಪೋಷಣ್ ಆ್ಯಪ್, ಚುನಾವಣಾ ಕೆಲಸ, ಸಮೀಕ್ಷೆಗಳ ನಡುವೆ ಅಂಗನವಾಡಿ ಮೇಲ್ವಿಚಾರಕಿ ಮುಚ್ಚಳಿಕೆ ಕೊಟ್ಟ ಮನೆಗೆ ಎರಡನೆಯ ಬಾರಿ ಹೋಗದಿದ್ದರೆ ಅದನ್ನು ಆಕೆಯ ಅಸಡ್ಡೆ ಎನ್ನುವುದು ಅನ್ಯಾಯ. ಮೊದಲ ಭೇಟಿಗೆ ಲೆಕ್ಕ ಕೇಳುವವರಿದ್ದಾರೆ, ಎರಡನೆಯದಕ್ಕೆ ಇಲ್ಲ. ಇಂಗ್ಲೆಂಡಿನಲ್ಲೇ 2011ರಲ್ಲಿ ಐಲೀನ್ ಮನ್ರೋ ವರದಿ, ಲೇಮಿಂಗ್ ನಂತರ ಬೆಳೆದ ನಮೂನೆ ಮತ್ತು ಗಡುವುಗಳ ಕಾಡು ಕಾರ್ಯಕರ್ತರನ್ನು ಮಗುವಿನಿಂದ ದೂರ ಮಾಡಿದೆ ಎಂದು ಹೇಳಿ, ಅವರ ವಿವೇಚನೆಗೆ ಜಾಗ ಮರಳಿಸಬೇಕೆಂದಿತು.

ಈ ಚರ್ಚೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಚಾರ್ಲ್ಸ್ ಗ್ಲಿಸನ್ ಮತ್ತು ಆ್ಯಂಟನಿ ಹೆಮೆಲ್‌ಗಾರ್ನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಟೆನೆಸಿ ರಾಜ್ಯದ 24 ಕೌಂಟಿಗಳಲ್ಲಿ, 32 ಕಚೇರಿಗಳ ನೆರವು ಪಡೆಯುತ್ತಿದ್ದ 250 ಮಕ್ಕಳನ್ನು ಅವರು ಗಮನಿಸಿದರು. ಮಕ್ಕಳ ಸ್ಥಿತಿ ಸುಧಾರಿಸಿದ್ದು ಕಚೇರಿಯೊಳಗಿನ ವಾತಾವರಣ ಚೆನ್ನಾಗಿದ್ದ ಕಡೆ, ಅಂದರೆ ಕಾರ್ಯಕರ್ತರಲ್ಲಿ ಪರಸ್ಪರ ಸಹಕಾರ, ತಮ್ಮ ಪಾತ್ರದ ಬಗ್ಗೆ ಸ್ಪಷ್ಟತೆ, ಕೆಲಸದಲ್ಲಿ ತೃಪ್ತಿ ಇದ್ದ ಕಡೆ. ಸಂಸ್ಥೆಗಳ ನಡುವಿನ ಸಮನ್ವಯವನ್ನು ವ್ಯವಸ್ಥಿತವಾಗಿ ಹೆಚ್ಚಿಸಿದ್ದು ಸೇವೆಯ ಗುಣಮಟ್ಟವನ್ನು ತಗ್ಗಿಸಿತ್ತು. ಹಲವರು ಸೇರಿ ಒಂದು ಮಗುವಿನ ಹೊಣೆ ಹೊತ್ತಾಗ ಯಾರೂ ಅದನ್ನು ತನ್ನ ಹೊಣೆಯೆಂದು ತಿಳಿಯದೆ ಹೋಗುತ್ತಾರೆ ಎಂಬುದು ಇದಕ್ಕೆ ಕೊಡಲಾದ ವಿವರಣೆಗಳಲ್ಲೊಂದು. ಟೆನೆಸಿಯ ಫಲಿತಾಂಶವನ್ನು ಎತ್ತಿ ಮಸ್ಕಿಗೆ ತಂದಿಡಲಾಗದು. ಆದರೆ ಸಮನ್ವಯ ಹೆಚ್ಚಾದರೆ ಒಳ್ಳೆಯದೇ ಆಗುತ್ತದೆ ಎಂದು ಪುರಾವೆ ಕೇಳದೆ ನಂಬಿಕೊಂಡು ಬಂದದ್ದನ್ನು ಅದು ಪ್ರಶ್ನಿಸುತ್ತದೆ.

ಊರಿನ ಕೈಗೆ ಕೊಡಿ ಎನ್ನುವವರು

ಮೂರನೆಯ ವಾದ ವೃತ್ತಿಪರರನ್ನೇ ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಸಮುದಾಯದ ಪ್ರತಿಭಟನೆಯ ಫಲವಾಗಿ 1989ರ ಕಾಯ್ದೆ, ಮಗುವಿನ ವಿಸ್ತೃತ ಕುಟುಂಬವೇ ಕೂತು ನಿರ್ಧಾರಕ್ಕೆ ಬರುವ ಸಭೆಯನ್ನು ಕಾನೂನಿನ ಭಾಗವಾಗಿಸಿತು. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಭೀಮಸಂಘದಂಥ ದುಡಿಯುವ ಮಕ್ಕಳ ಸಂಘಟನೆ, ಆಮೇಲೆ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆ. ಶಾಲೆಯ ಹಿಂದಿನ ಶೌಚಾಲಯದ ಬಾಗಿಲು, ಬಸ್ಸಿನ ಸಮಯ, ದಾರಿಯಲ್ಲಿ ಕಾಟ ಕೊಡುವವರು ಇವೆಲ್ಲ ಅಲ್ಲಿ ಹೊರಬರುತ್ತವೆ. ಹುಡುಗಿ ಓದು ಬಿಡಲು ನಿಜವಾದ ಕಾರಣ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಆದರೆ ಊರು ಎಂಬುದು ಒಂದೇ ಮನಸ್ಸಿನ ಘಟಕವಲ್ಲ. ಸಿಂಧನೂರು ತಾಲ್ಲೂಕಿನಲ್ಲಿ ಮೂಲ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಂದಿಗೆ ಬಂದ ಆಂಧ್ರದ ರೈತರ ಕ್ಯಾಂಪ್, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳು ಒಂದರ ಪಕ್ಕ ಒಂದಿವೆ. ದೇವದಾಸಿ ತಾಯಂದಿರ ಮಕ್ಕಳ ವಿಷಯಕ್ಕೆ ಬಂದಾಗ ಊರಿನ ಹಿರಿಯರ ಮಾತು ಯಾವ ಕಡೆ ವಾಲುತ್ತದೆ ಎಂಬುದನ್ನು 1982ರ ನಿಷೇಧ ಕಾಯ್ದೆಯ ನಂತರದ ನಾಲ್ಕು ದಶಕಗಳು ತೋರಿಸಿವೆ. ಕಾವಲು ಸಮಿತಿಯಲ್ಲಿ ಕೂತವರೇ ಮದುವೆಯ ಹಿರಿತನ ವಹಿಸಿದ್ದರೆ ಹುಡುಗಿ ಯಾರ ಬಳಿ ಹೋಗಬೇಕು?

ಬಿತ್ತನೆ ಹತ್ತಿಯ ಹೊಲದಲ್ಲಿ

ಈ ಮೂರು ವಾದಗಳನ್ನು ಒಂದು ಕೆಲಸದ ಮೇಲೆ ಹಚ್ಚಿ ನೋಡೋಣ. ಕೊಪ್ಪಳ, ರಾಯಚೂರು ಭಾಗದ ಹೈಬ್ರಿಡ್ ಬಿತ್ತನೆ ಹತ್ತಿಯಲ್ಲಿ ‘ಕ್ರಾಸಿಂಗ್’ ಎನ್ನುವ ಕೆಲಸವಿದೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಗಿಡಗಳಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಒಳಗಿನ ಕೇಸರವನ್ನು ಉಗುರಿನಿಂದ ಬಿಡಿಸಿ ತೆಗೆದು ಗುರುತು ಮಾಡಿಡಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವು ಕಿತ್ತು ತಂದು ಅದರ ಪರಾಗವನ್ನು ಆ ಹೂವಿಗೆ ಸವರಬೇಕು. ಬಿಸಿಲೇರಿದರೆ ಪ್ರಯೋಜನವಿಲ್ಲ. ಗಿಡ ಎತ್ತರವಿರದು, ಬೆರಳು ಸಣ್ಣಗಿರಬೇಕು, ಕೂಲಿ ಕಡಿಮೆಯಿರಬೇಕು. ಈ ಮೂರು ಕಾರಣಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕರೆಯುತ್ತಾರೆ. ಶಾಲೆಯ ಮೊದಲ ತಾಸುಗಳೂ ಹೂವು ಮುಟ್ಟಿಸುವ ತಾಸುಗಳೂ ಒಂದೇ. ಬೆಳಗ್ಗೆ ಟಂಟಂನಲ್ಲಿ ಹೋದ ಹುಡುಗಿ ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯಲ್ಲಿದ್ದರೆ ಹಾಜರಿ ಪುಸ್ತಕ ಅವಳನ್ನು ಬಿಟ್ಟುಹೋದ ಮಗು ಎಂದು ತೋರಿಸುವುದಿಲ್ಲ.

ಇಲ್ಲಿ ಶಿಕ್ಷಕಿಗೆ ತಡವಾಗಿ ಬರುವುದು ಕಾಣುತ್ತದೆ, ಆಶಾಗೆ ಔಷಧಿ ಹೊಡೆದ ಹೊಲದಿಂದ ಬಂದವಳ ಚರ್ಮದ ತುರಿಕೆ ಮತ್ತು ತಲೆನೋವು ಕಾಣುತ್ತದೆ, ಕಾರ್ಮಿಕ ನಿರೀಕ್ಷಕರಿಗೆ ವಾಹನ ಕಾಣಬಹುದು, ಸ್ವಸಹಾಯ ಸಂಘದವರಿಗೆ ತಂದೆ ಪಡೆದ ಮುಂಗಡ ಗೊತ್ತಿರುತ್ತದೆ. ಇಲ್ಲಿಯವರೆಗೆ ಮೊದಲ ಪಂಥದ ಮಾತು ಸರಿ, ತುಂಡುಗಳು ಕೂಡಬೇಕು. ಆದರೆ ಕೂಡಿದ ಮೇಲೆ? ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಶಾಲಾ ಸಮಯದ ನಂತರ ಕುಟುಂಬದ ಕೆಲಸಕ್ಕೆ ನೆರವಾಗುವುದನ್ನು ಒಪ್ಪುತ್ತದೆ. ಕಂಪನಿಗಾಗಿ ಒಪ್ಪಂದದ ಮೇಲೆ ಬೆಳೆಯುವ ಸಣ್ಣ ರೈತನ ಸ್ವಂತ ಹೊಲದಲ್ಲಿ ಅವನ ಮಗಳೇ ದುಡಿದಾಗ ಅದು ಯಾವ ಇಲಾಖೆಯ ಪ್ರಕರಣ? ದಾಳಿ ಮಾಡಿ ವಾಹನ ಹಿಡಿದರೆ ಸುದ್ದಿಯಾಗುತ್ತದೆ, ಮುಂಗಡ ಹಾಗೇ ಉಳಿಯುತ್ತದೆ. ಆ ಮನೆಗೆ ಬೇಕಾದದ್ದು ಮುಂಗಡ ತೀರಿಸುವ ದಾರಿ, ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ ಅರ್ಹತೆಯಿದ್ದರೆ ಅದರ ಅರ್ಜಿ, ಕಸ್ತೂರಬಾ ವಸತಿ ಶಾಲೆಯಲ್ಲಿ ಒಂದು ಸೀಟು, ಆಮೇಲೆ ದೀಪಾವಳಿ ಕಳೆದು ಕುಟುಂಬ ಗುಳೆ ಹೊರಟಾಗ ಹುಡುಗಿಯನ್ನು ಉಳಿಸಿಕೊಳ್ಳುವ ಅಜ್ಜಿಗೊಂದು ಆಸರೆ. ಇವು ನಾಲ್ಕು ಕಚೇರಿಗಳ ನಾಲ್ಕು ಕೆಲಸ, ನಡೆಯಬೇಕಾದದ್ದು ಒಂದರ ಹಿಂದೆ ಒಂದು, ನಡುವೆ ತಿಂಗಳುಗಳ ಅಂತರ. ತಿಂಗಳಿಗೊಮ್ಮೆ ಕೂಡುವ ಯಾವ ಸಮಿತಿಯೂ ಈ ಸರಪಳಿಯನ್ನು ಹಿಡಿದಿರಲಾರದು. ಒಬ್ಬ ಮನುಷ್ಯ ಹಿಡಿಯಬಲ್ಲ. ಅದಕ್ಕೇ ಫಿನ್ಲೆಂಡಿನ ಕಾನೂನು ಮಕ್ಕಳ ರಕ್ಷಣೆಯಡಿ ಬಂದ ಪ್ರತಿ ಮಗುವಿಗೂ ಹೊಣೆಗಾರ ಸಮಾಜ ಕಾರ್ಯಕರ್ತರೊಬ್ಬರನ್ನು ಹೆಸರಿಸುತ್ತದೆ, ಒಬ್ಬರ ಪಾಲಿಗೆ 2022ರಿಂದ 35, 2024ರಿಂದ 30 ಮಕ್ಕಳ ಮಿತಿಯನ್ನೂ ಇಟ್ಟಿದೆ.

ಸರಪಳಿಗೆ ಇನ್ನೊಂದು ಕೊಂಡಿಯೂ ಬೇಕು, ಸುದ್ದಿ ಕೆಳಗಿಳಿದು ಬರುವುದು. ಮಾಹಿತಿ ಕೊಟ್ಟ ಶಿಕ್ಷಕಿಗೆ ಆ ಹುಡುಗಿಯ ಪ್ರಕರಣ ಏನಾಯಿತೆಂದು ಯಾರೂ ತಿಳಿಸದಿದ್ದರೆ ಮುಂದಿನ ಸಲ ಆಕೆ ಫೋನ್ ಎತ್ತುವ ಮೊದಲು ಎರಡು ಬಾರಿ ಯೋಚಿಸುತ್ತಾಳೆ. ಊರಿನಲ್ಲಿ ಎದುರುಹಾಕಿಕೊಂಡದ್ದು ಅವಳು, ಫಲ ಕಾಣದೆ ಉಳಿದದ್ದೂ ಅವಳು.

ಆಕ್ಷೇಪಗಳು

ಜಿಲ್ಲೆಗೆ ಇಬ್ಬರೇ ಇರುವಾಗ ಒಂದೊಂದು ಮಗುವಿಗೆ ಒಬ್ಬರನ್ನು ಹೆಸರಿಸುವುದು ಕನಸಲ್ಲವೇ, ಸೋತಾಗ ತಪ್ಪು ಹೊರಿಸಲು ಒಂದು ತಲೆ ಸಿಕ್ಕಂತಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ನನ್ನ ವಾದದ ಅರ್ಥವೇ ಹುದ್ದೆಗಳು ತಾಲ್ಲೂಕಿಗೆ ಇಳಿಯಬೇಕು ಎಂಬುದು. ಸಹಾಯಕ ಆಯುಕ್ತರ ಕಚೇರಿಯಿರುವ ಲಿಂಗಸುಗೂರಿನಲ್ಲಿ, ಸಿಂಧನೂರಿನಲ್ಲಿ, ಮಸ್ಕಿಯಲ್ಲಿ ತರಬೇತಾದ ಒಬ್ಬೊಬ್ಬ ಸಮಾಜ ಕಾರ್ಯಕರ್ತರಿದ್ದರೆ, ಪ್ರಕರಣಗಳ ಸಂಖ್ಯೆಗೆ ಮಿತಿಯಿದ್ದರೆ, ಗುತ್ತಿಗೆ ಮುಗಿಯುವ ಭಯವಿಲ್ಲದೆ ಮೂರು ವರ್ಷ ಅಲ್ಲಿಯೇ ಉಳಿದರೆ ಇದು ಸಾಧ್ಯ. 2018ರಿಂದ ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ, ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಕಟ್ಟಡಕ್ಕೆ ಸಿಗುವ ಹಣದಲ್ಲಿ ಸ್ವಲ್ಪ ಮನುಷ್ಯರಿಗೂ ಸಿಗಬೇಕೆಂದು ಕೇಳುವುದು ದುಬಾರಿಯ ಬೇಡಿಕೆಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಒಬ್ಬರ ಹೆಸರು ಮುಂದೆ ಬಂದರೆ ಜಾತಿ ಮುಖಂಡರ, ರಾಜಕಾರಣಿಗಳ ಒತ್ತಡವೆಲ್ಲ ಅವರ ಮೇಲೆಯೇ ಬೀಳುತ್ತದೆ. ‘ಸಮಿತಿಯ ತೀರ್ಮಾನ’ ಎಂಬ ಮಾತು ಎಷ್ಟೋ ಅಂಗನವಾಡಿ ಕಾರ್ಯಕರ್ತೆಯರನ್ನು ಕಾಪಾಡಿದೆ. ಹಾಗಾಗಿ ಎರಡನ್ನು ಬೇರ್ಪಡಿಸಬೇಕು. ತೀರ್ಮಾನ ಸಾಮೂಹಿಕವಾಗಿರಲಿ, ಸಮಿತಿಯ ಹೆಸರಿನಲ್ಲಿರಲಿ. ಆ ತೀರ್ಮಾನ ಜಾರಿಯಾಯಿತೇ ಎಂದು ಬೆನ್ನುಬಿಡದೆ ನೋಡುವುದು ಒಬ್ಬರದಾಗಿರಲಿ, ಅವರು ಆ ಊರಿನವರಲ್ಲದಿರಲಿ. ಈಗ ನಡೆಯುತ್ತಿರುವುದು ಇದರ ವಿರುದ್ಧ. ಮದುವೆ ನಿಲ್ಲಿಸುವ ಅಪಾಯದ ಕ್ಷಣದಲ್ಲಿ ಊರಿನ ಕಾರ್ಯಕರ್ತೆ ಒಂಟಿಯಾಗಿ ಮುಂದೆ ನಿಲ್ಲುತ್ತಾಳೆ, ಆಮೇಲಿನ ಹೊಣೆ ಎಲ್ಲರದಾಗಿಬಿಡುತ್ತದೆ.

ಹಲವರು ಸೇರಿದರೆ ಮಗುವಿನ ಗೌಪ್ಯತೆ ಉಳಿಯದು ಎಂಬ ಆಕ್ಷೇಪಕ್ಕೂ ಇಲ್ಲಿಯೇ ಭಾಗಶಃ ಉತ್ತರವಿದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಪೋಕ್ಸೊದ 23ನೇ ಕಲಂ ಮಗುವಿನ ಗುರುತು ಬಯಲಾಗದಂತೆ ತಡೆಯುತ್ತವೆ. ಹದಿನೈದು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಗಿಯ ಹೆಸರು, ಊರು, ಫೋಟೊ ಹರಿದಾಡುವುದು ಸಹಯೋಗವಲ್ಲ, ಅಪರಾಧ. ಎಲ್ಲವೂ ಗೊತ್ತಿರುವವರು ಒಬ್ಬರೇ ಆಗಿ, ಉಳಿದವರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ತಿಳಿದರೆ ಸೋರಿಕೆ ಕಡಿಮೆಯಾಗುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಹೆಸರಿರುವ ಕಾರ್ಯಕರ್ತರಿದ್ದರೂ ಬಗೆಹರಿಯದ ಪ್ರಶ್ನೆಗಳಿವೆ. ಅವುಗಳಲ್ಲಿ ಕಠಿಣವಾದದ್ದು ಆಶಾ ಕಾರ್ಯಕರ್ತೆಯ ಮುಂದಿದೆ. ಹದಿನೇಳರ ಗರ್ಭಿಣಿಯ ಹೆಸರನ್ನು ತಾಯಿ ಕಾರ್ಡಿಗೆ ಬರೆದುಕೊಳ್ಳುವುದು ಆಕೆಯ ಕೆಲಸ. ಅದೇ ಮಾಹಿತಿ ಪೋಕ್ಸೊದ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಬೇಕಾದದ್ದು, ತಿಳಿಸದಿದ್ದರೆ 21ನೇ ಕಲಂ ಅಡಿ ಶಿಕ್ಷೆ. 2017ರಲ್ಲಿ ಸುಪ್ರೀಂ ಕೋರ್ಟ್ ಹದಿನೆಂಟರೊಳಗಿನ ಹೆಂಡತಿಯೊಂದಿಗಿನ ಸಂಪರ್ಕವೂ ಅತ್ಯಾಚಾರವೇ ಎಂದ ಮೇಲೆ, ಕರ್ನಾಟಕದ ತಿದ್ದುಪಡಿ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧುವಾಗಿಸಿದ ಮೇಲೆ ಕಾನೂನಿನಲ್ಲಿ ಅನುಮಾನ ಉಳಿದಿಲ್ಲ. ಗಂಡ ಜೈಲಿಗೆ ಹೋಗುತ್ತಾನೆಂಬ ಭಯದಲ್ಲಿ ಹುಡುಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಬರದೆ ಹೋದರೆ ಅವಳ ಜೀವದ ಹೊಣೆ ಯಾರದು ಎಂಬುದನ್ನು ಮಾತ್ರ ಆ ಕಾನೂನು ಹೇಳುವುದಿಲ್ಲ. ಆರೋಗ್ಯದವರು ಮತ್ತು ರಕ್ಷಣೆಯವರು ಇಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟ್ ಒತ್ತಿಹೇಳಿದ, ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಯ ವ್ಯವಸ್ಥೆ ದೂರು ದಾಖಲಾದ ನಂತರದ್ದು, ದೂರಿಗೆ ಮೊದಲಿನ ಈ ಇಕ್ಕಟ್ಟಿಗಲ್ಲ.

ಗೌರವಧನದ ಮೇಲೆ ದುಡಿಯುವ ಹೆಣ್ಣುಮಕ್ಕಳ ಮೇಲೆ ಕಾನೂನಿನ ಎಷ್ಟು ಭಾರ ಹೊರಿಸಬಹುದು ಎಂಬುದೂ ತೀರ್ಮಾನವಾಗಿಲ್ಲ. 1996ರಲ್ಲಿ ಮುಂಬೈಯಲ್ಲಿ ಸ್ವಯಂಸೇವೆಯ ಪ್ರಯೋಗವಾಗಿ ಹುಟ್ಟಿದ 1098 ಸಹಾಯವಾಣಿ 2023ರಿಂದ ಸರ್ಕಾರದ ನೇರ ನಿರ್ವಹಣೆಗೆ ಬಂದು 112ರೊಂದಿಗೆ ಕೂಡಿದೆ. ಇದರಿಂದ ಸ್ಪಂದನೆಯ ವೇಗ ಹೆಚ್ಚಿತೇ, ಅಥವಾ ಮಕ್ಕಳು ಪೊಲೀಸರಿಗೆ ಹೆದರಿ ಕರೆ ಮಾಡುವುದೇ ಕಡಿಮೆಯಾಯಿತೇ ಎಂಬುದನ್ನು ಈ ತಾಲ್ಲೂಕುಗಳ ಮಟ್ಟದಲ್ಲಿ ಅಳೆದು ನೋಡಬೇಕಿದೆ. ಅಳತೆಯದೇ ಇನ್ನೊಂದು ಸಮಸ್ಯೆ. ತಡೆದ ಮದುವೆಗಳ ಲೆಕ್ಕ ವರದಿಗೆ ಬರುತ್ತದೆ. ಮದುವೆ ತಪ್ಪಿದ ಹುಡುಗಿ ಎರಡು ವರ್ಷಗಳ ನಂತರ ಕಾಲೇಜಿನಲ್ಲಿದ್ದಾಳೋ, ಹೊಲದಲ್ಲಿದ್ದಾಳೋ, ಗಂಡನ ಮನೆಯಲ್ಲಿದ್ದಾಳೋ ಎಂಬ ಲೆಕ್ಕವಿಲ್ಲದೆ ಮೇಲಿನ ಮೂರು ಪಂಥಗಳಲ್ಲಿ ಇಲ್ಲಿಗೆ ಯಾವುದು ಸರಿ ಎಂದು ಖಚಿತವಾಗಿ ಹೇಳಲಾಗದು. ನನ್ನ ವಾದಕ್ಕೂ ಈ ಮಾತು ಅನ್ವಯಿಸುತ್ತದೆ.

ಕೊನೆಯದು ಗುಳೆಯ ಮಗುವಿನ ಪ್ರಶ್ನೆ. ತನಿಖೆಯಲ್ಲಿರುವ ಮಗುವನ್ನು ಸ್ವಂತ ಜಿಲ್ಲೆಯ ಸಮಿತಿಗೆ ವರ್ಗಾಯಿಸಲು ಬಾಲನ್ಯಾಯ ಕಾಯ್ದೆಯ 95ನೇ ಕಲಂನಲ್ಲಿ ಅವಕಾಶವಿದೆ. ಆದರೆ ಮಸ್ಕಿಯಲ್ಲಿ ಮುಚ್ಚಳಿಕೆಯಾಗಿ, ತಿಂಗಳ ನಂತರ ಮೇಸ್ತ್ರಿಯ ಹಿಂದೆ ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಹೋದ ಹುಡುಗಿ ಯಾವ ತನಿಖೆಯಲ್ಲೂ ಇರುವುದಿಲ್ಲ. ಅವಳ ಬಗ್ಗೆ ಬೆಂಗಳೂರಿನ ಘಟಕಕ್ಕೆ ಯಾರು ತಿಳಿಸಬೇಕು, ತಿಳಿಸಿದರೆ ಅಲ್ಲಿ ಯಾರು ಹುಡುಕಬೇಕು, ಯುಗಾದಿಗೆ ಅವಳು ಮರಳಿದಾಗ ಪ್ರಕರಣ ಯಾರ ಮೇಜಿನಿಂದ ಮುಂದುವರಿಯಬೇಕು ಎಂಬುದಕ್ಕೆ ಎರಡೂ ಜಿಲ್ಲೆಯ ಕಾರ್ಯಕರ್ತರು ಒಪ್ಪಿ ನಡೆಸಬಹುದಾದ ಕ್ರಮವೊಂದನ್ನು ಇನ್ನೂ ರೂಪಿಸಬೇಕಾಗಿದೆ.